ಮೈಕ್ ತೂತಿಗಿಂತ ಮೊದಲು ಹೆಡ್‌ಫೋನ್ ತೂತು ನೋಡಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿಕೊಳ್ಳುವವರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲಿಗೆ ನನ್ನದೊಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಡಬ್ಬಿ, ಅಂದರೆ ಇಂಟರ್‌ಫೇಸ್, ಮೊದಲ ಸಲ ಮನೆಗೆ ತಂದ ವಾರವೇ ಗೆಳತಿಯೊಬ್ಬಳನ್ನು ಹಾಡೋಕೆ ಕರೆದಿದ್ದೆ. ತುಂಬಾ ಚೆನ್ನಾಗಿ ಹಾಡುವವಳು. ತಾಳ ಅಂದರೆ ಅವಳಿಗೆ ಉಸಿರಾಡಿದಷ್ಟು ಸಲೀಸು. ಆದರೆ ಅವತ್ತು ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಎಲ್ಲ ಹದಗೆಟ್ಟಿತು. ಪ್ರತಿ ಸಾಲಿನಲ್ಲೂ ಒಂಚೂರು ಹಿಂದೆ ಬೀಳುತ್ತಿದ್ದಳು. ಹತ್ತು ಟೇಕ್ ಆಯಿತು, ಹನ್ನೆರಡಾಯಿತು. ನಾನು ಎಲ್ಲ ತಿಳಿದವನ ಹಾಗೆ "ಇನ್ನೊಂದು ವಾರ ಪ್ರಾಕ್ಟೀಸ್ ಮಾಡಿಕೊಂಡು ಬಾ" ಅಂದೆ. ಅವಳು ಏನೂ ಹೇಳಲಿಲ್ಲ. ಸುಮ್ನೆ ಬ್ಯಾಗ್ ಎತ್ತಿಕೊಂಡು ಹೋದಳು.

ಅವಳದೇನೂ ತಪ್ಪಿರಲಿಲ್ಲ. ನನ್ನ ಸಾಫ್ಟ್‌ವೇರಿನಲ್ಲಿ ಬಫರ್ 1024ರಲ್ಲಿ ಕೂತಿತ್ತು, ಅದೇನು ಅಂತ ಮುಂದೆ ಹೇಳುತ್ತೇನೆ. ಇಂಟರ್‌ಫೇಸಿನ ಮುಖದ ಮೇಲೆ 'ಡೈರೆಕ್ಟ್' ಅಂತ ಬರೆದ ಒಂದು ಪುಟ್ಟ ಸ್ವಿಚ್ ಇತ್ತು, ಅದನ್ನು ನಾನು ಮುಟ್ಟಿಯೇ ಇರಲಿಲ್ಲ. ಅವಳ ದನಿ ಅವಳ ಕಿವಿಗೇ ವಾಪಸ್ ಬರುವ ಹೊತ್ತಿಗೆ 40 ಮಿಲಿಸೆಕೆಂಡಿಗಿಂತ ಜಾಸ್ತಿ ಕಳೆದಿರುತ್ತಿತ್ತು. ಅಷ್ಟು ತಡವಾಗಿ ತಮ್ಮ ದನಿ ಕೇಳಿಸಿಕೊಂಡರೆ ಯಾರು ತಾನೇ ತಾಳ ಹಿಡಿದಾರು?

ಅವತ್ತಿನಿಂದ ನನಗೊಂದು ಹಟ. "ಹಾಡು ರೆಕಾರ್ಡ್ ಮಾಡೋಕೆ ಯಾವ ಇಂಟರ್‌ಫೇಸ್ ತಗೊಳ್ಳಲಿ?" ಅಂತ ಯಾರಾದರೂ ಕೇಳಿದರೆ, ಮೈಕ್ ಸಿಕ್ಕಿಸುವ ತೂತಿನ ಮಾತು ಆಮೇಲೆ, ಮೊದಲು ಹೆಡ್‌ಫೋನ್ ಸಿಕ್ಕಿಸುವ ತೂತಿನ ಮಾತು ಆಡೋಣ ಅನ್ನುತ್ತೇನೆ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದೆಲ್ಲ ಮೈಕಿನ ಕಡೆಯ ಸಂಗತಿ. ಹಾಡುವವರಿಗೆ ತೊಂದರೆ ಕೊಡುವುದು ಮಾತ್ರ ಹೆಚ್ಚಾಗಿ ಹೆಡ್‌ಫೋನಿನ ಕಡೆಯದು.

ಇಂಟರ್‌ಫೇಸ್ ಏನು ಮಾಡುತ್ತದೆ ಅಂತ ಎರಡೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಮೈಕಿನಿಂದ ಬರುವ ಸಣ್ಣ ಸಿಗ್ನಲನ್ನು ಪ್ರಿಆಂಪ್ ದೊಡ್ಡದು ಮಾಡುತ್ತದೆ, ಕನ್ವರ್ಟರ್ ಅದನ್ನು ಅಂಕಿಗಳಾಗಿ ಬದಲಿಸಿ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಕಳಿಸುತ್ತದೆ. ಆಮೇಲೆ ಕಂಪ್ಯೂಟರಿನಿಂದ ಬಂದ ಅಂಕಿಗಳನ್ನು ಮತ್ತೆ ಸಿಗ್ನಲ್ ಮಾಡಿ ಹೆಡ್‌ಫೋನಿಗೆ, ಸ್ಪೀಕರಿಗೆ ಕೊಡುತ್ತದೆ. ಅಷ್ಟೇ.

ಈಗ ಆ ತಡದ ವಿಷಯ. ಇದನ್ನು ಲೇಟೆನ್ಸಿ ಅನ್ನುತ್ತಾರೆ. ಕಂಪ್ಯೂಟರ್ ನಮ್ಮ ದನಿಯನ್ನು ಹನಿ ಹನಿಯಾಗಿ ತಗೊಳ್ಳುವುದಿಲ್ಲ. ಕೊಡ ತುಂಬಿದ ಮೇಲೆ ಒಟ್ಟಿಗೆ ಎತ್ತಿಕೊಳ್ಳುತ್ತದೆ. ಆ ಕೊಡವೇ ಬಫರ್. 48 ಕಿಲೋಹರ್ಟ್ಸ್ ಇಟ್ಟರೆ ಸೆಕೆಂಡಿಗೆ 48,000 ಹನಿ ಬೀಳುತ್ತದೆ. 1024 ಹನಿಯ ಕೊಡ ತುಂಬೋಕೆ 21 ಮಿಲಿಸೆಕೆಂಡ್ ಬೇಕು. ವಾಪಸ್ ಬರುವಾಗ ಇನ್ನೊಂದು ಕೊಡ, ಇನ್ನೊಂದು 21. ಅದೇ 128 ಹನಿಯ ಕೊಡವಾದರೆ ಒಂದೊಂದಕ್ಕೆ 2.7 ಮಿಲಿಸೆಕೆಂಡ್ ಸಾಕು. ಇದರ ಮೇಲೆ ಕನ್ವರ್ಟರ್, ಯುಎಸ್‌ಬಿ, ಡ್ರೈವರ್ (ಇಂಟರ್‌ಫೇಸನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ತಮ್ಮ ಪಾಲಿನದು ಸೇರಿಸುತ್ತವೆ. ಹಾಗಾದರೆ ಕೊಡ ಚಿಕ್ಕದು ಮಾಡಿದರೆ ಆಯ್ತಲ್ವಾ? ಆಯ್ತು, ಆದರೆ ಕಂಪ್ಯೂಟರ್ ಓಡಿ ಓಡಿ ಸುಸ್ತಾಗುತ್ತದೆ. ಎಲ್ಲೋ ಒಂದು ಕೊಡ ತಪ್ಪಿಸಿಕೊಂಡರೆ ರೆಕಾರ್ಡಿಂಗಿನಲ್ಲಿ 'ಚಟ್' ಅಂತ ಸದ್ದು.

ಇಲ್ಲಿ ಒಂದು ತಮಾಷೆ ಇದೆ. ದನಿ ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದೆ. ಗಿಟಾರ್ ನುಡಿಸುವವರು ತಮ್ಮ ಆಂಪಿನಿಂದ ಮೂರು ಮೀಟರ್ ದೂರ ನಿಂತರೆ ಸುಮಾರು 9 ಮಿಲಿಸೆಕೆಂಡ್ ತಡವಾಗಿ ಕೇಳುತ್ತದೆ. ಅವರು ಅದರ ಗೊಡವೆಗೇ ಹೋಗುವುದಿಲ್ಲ. ಅದೇ 9 ಮಿಲಿಸೆಕೆಂಡ್ ಹಾಡುವವರಿಗೆ ಯಾಕೆ ಕಿರಿಕಿರಿ? ಯಾಕಂದರೆ ಹಾಡುವವರಿಗೆ ತಮ್ಮ ದನಿ ತಲೆಬುರುಡೆಯ ಮೂಳೆಯ ಮೂಲಕ ಆಗಲೇ ಕೇಳಿಸಿರುತ್ತದೆ. ಅದಕ್ಕೆ ತಡವೇ ಇಲ್ಲ. ತಡವಾಗಿ ಬಂದ ಹೆಡ್‌ಫೋನ್ ದನಿ ಅದರ ಜೊತೆ ಬೆರೆತಾಗ ಕೆಲವು ಕಂಪನಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಎರಡೂ ಒಂದೇ ಜೋರಿನಲ್ಲಿದ್ದು ತಡ ಒಂದು ಮಿಲಿಸೆಕೆಂಡ್ ಆದರೆ 500 ಹರ್ಟ್ಸ್ ಹತ್ತಿರ ಒಂದು ಹಳ್ಳ ಬೀಳುತ್ತದೆ. ತಡ ಹೆಚ್ಚಿದ ಹಾಗೆ ಹಳ್ಳ ಕೆಳಕ್ಕೆ ಜಾರುತ್ತದೆ, ಮೇಲೆ ಸಾಲು ಸಾಲು ಹಳ್ಳಗಳು. ಹಾಡುವವರು ಇದನ್ನು "ನನ್ನ ದನಿ ಕೊಳವೆಯೊಳಗಿಂದ ಬಂದ ಹಾಗಿದೆ" ಅನ್ನುತ್ತಾರೆ. ಪಕ್ಕದಲ್ಲಿ ಕೂತವರಿಗೆ ಅದು ಕೇಳುವುದೇ ಇಲ್ಲ. ಅದಕ್ಕೇ ನಾವು ಅವರನ್ನು ನಂಬುವುದಿಲ್ಲ.

ಇದಕ್ಕೆ ಮದ್ದು ಡೈರೆಕ್ಟ್ ಮಾನಿಟರ್. ಮೈಕಿನ ದನಿ ಕಂಪ್ಯೂಟರಿಗೆ ಹೋಗಿ ಬರುವ ಬದಲು ಇಂಟರ್‌ಫೇಸಿನ ಒಳಗೇ ಹೆಡ್‌ಫೋನಿಗೆ ತಿರುಗುತ್ತದೆ. ತಡ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇವತ್ತು ಬರುವ ಹೆಚ್ಚಿನ ಇಂಟರ್‌ಫೇಸುಗಳಲ್ಲಿ ಇದು ಇದೆ. ಆದರೆ ಹೇಗಿದೆ ಅನ್ನುವುದು ಮುಖ್ಯ. ಕೆಲವದರಲ್ಲಿ ಬರೀ ಸ್ವಿಚ್: ಒತ್ತಿದರೆ ಇದೆ, ಬಿಟ್ಟರೆ ಇಲ್ಲ. ಕೆಲವದರಲ್ಲಿ ತಿರುಗಿಸುವ ಗುಂಡಿ: ಒಂದು ಕಡೆ ತಿರುಗಿಸಿದರೆ ನಿಮ್ಮ ದನಿ ಜಾಸ್ತಿ, ಇನ್ನೊಂದು ಕಡೆ ಟ್ರ್ಯಾಕ್, ಅಂದರೆ ಹಿನ್ನೆಲೆ ಸಂಗೀತ, ಜಾಸ್ತಿ. ನನ್ನ ಮಟ್ಟಿಗೆ ಗುಂಡಿ ಇರುವುದೇ ಸೈ. ಹಾಡುತ್ತಾ ಹಾಡುತ್ತಾ "ನನ್ನದು ಸ್ವಲ್ಪ ಜಾಸ್ತಿ ಮಾಡು" ಅಂದಾಗ ಮೌಸ್ ಹುಡುಕುವ ಕೆಲಸ ಇರುವುದಿಲ್ಲ.

ಇನ್ನೊಂದು ಸಣ್ಣ ವಿಷಯ, ಆದರೆ ಎಷ್ಟೋ ಜನ ಇದರಿಂದ ತಲೆ ಕೆಡಿಸಿಕೊಂಡಿದ್ದಾರೆ. ಎರಡು ಇನ್‌ಪುಟ್ ಇರುವ ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ 'ಸ್ಟೀರಿಯೊ'ದಲ್ಲಿದ್ದರೆ ಒಂದನೇ ಇನ್‌ಪುಟ್ ಎಡಗಿವಿಗೆ, ಎರಡನೆಯದು ಬಲಗಿವಿಗೆ ಹೋಗುತ್ತದೆ. ಒಂದೇ ಮೈಕ್ ಇದ್ದಾಗ ದನಿ ಎಡಗಿವಿಯಲ್ಲಿ ಮಾತ್ರ. "ಹೆಡ್‌ಫೋನ್ ಹಾಳಾಗಿದೆ" ಅಂತ ಹೊಸದು ತಂದವರನ್ನು ನಾನು ನೋಡಿದ್ದೇನೆ. 'ಮೊನೊ'ಗೆ ಹಾಕಿ, ಎರಡೂ ಕಿವಿಗೆ ಬರುತ್ತದೆ. ಕೊಳ್ಳುವ ಮೊದಲು ಮೊನೊ ಮಾಡೋಕೆ ಬರುತ್ತದಾ ಅಂತ ಒಮ್ಮೆ ನೋಡಿಕೊಳ್ಳಿ.

ಡೈರೆಕ್ಟ್ ಮಾನಿಟರಿಗೆ ಒಂದು ಕೊರತೆ ಇದೆ. ದನಿ ಒಣಒಣ ಕೇಳುತ್ತದೆ. ಸ್ವಲ್ಪ ರಿವರ್ಬ್, ಅಂದರೆ ಕೋಣೆಯ ಮಾರ್ದನಿ, ಇಲ್ಲದೆ ಹಾಡೋಕೆ ಹಲವರಿಗೆ ಮನಸ್ಸೇ ಬರುವುದಿಲ್ಲ. ಇದಕ್ಕಂತಲೇ ಒಳಗೇ ಸಂಸ್ಕರಣೆ ಮಾಡುವ ದುಬಾರಿ ಇಂಟರ್‌ಫೇಸುಗಳಿವೆ. ಯೂನಿವರ್ಸಲ್ ಆಡಿಯೊದ ಅಪೊಲೊ ಸಾಲು ಹೆಸರು ಮಾಡಿದ್ದೇ ಇದರಿಂದ. ಆದರೆ ಬರೀ ರಿವರ್ಬಿಗಾಗಿ ಅಷ್ಟು ಮೇಲೆ ಹೋಗಬೇಕಾಗಿಲ್ಲ. ನಾನು ಮಾಡುವುದು ಹೀಗೆ. ಡೈರೆಕ್ಟ್ ಮಾನಿಟರ್ ಆನ್. ಸಾಫ್ಟ್‌ವೇರಿನಲ್ಲಿ ಹಾಡುವವರ ದನಿ ನೇರವಾಗಿ ಹೊರಗೆ ಬರದ ಹಾಗೆ ಮಾಡಿ, ಅದನ್ನು ಒಂದು ರಿವರ್ಬಿಗೆ ಮಾತ್ರ ಕಳಿಸುತ್ತೇನೆ. ಆ ರಿವರ್ಬ್ ಪೂರ್ತಿ ಒದ್ದೆ, ಅಂದರೆ ಅದರಿಂದ ಬರುವುದು ಬರೀ ಮಾರ್ದನಿ, ಒಣ ದನಿ ಸೊನ್ನೆ. ಈಗ ಒಣ ದನಿ ಇಂಟರ್‌ಫೇಸಿನಿಂದ ತಡವಿಲ್ಲದೆ ಬರುತ್ತದೆ, ರಿವರ್ಬ್ ಕಂಪ್ಯೂಟರಿನಿಂದ ಹತ್ತು ಹದಿನೈದು ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ರಿವರ್ಬ್ ತಡವಾಗಿ ಬಂದರೆ ಏನಾಯ್ತು? ದೊಡ್ಡ ಕೋಣೆಯಲ್ಲಿ ಗೋಡೆಗೆ ತಾಗಿ ಬರುವ ದನಿಯೂ ತಡವಾಗಿಯೇ ಬರುವುದು. ಕಿವಿ ಅದನ್ನು ಕೋಣೆ ಅಂತಲೇ ಒಪ್ಪಿಕೊಳ್ಳುತ್ತದೆ.

ಇನ್ನು ಹೆಡ್‌ಫೋನಿಗೆ ಕೊಡುವ ಬಲ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಅಂತ ಒಂದು ಹೆಡ್‌ಫೋನ್ ಇದೆ, ಸ್ಟುಡಿಯೊಗಳಲ್ಲಿ ಹಳಬ. ನೋಡೋಕೆ ಒಂದೇ ತರಹ ಇದ್ದರೂ 32, 80, 250 ಓಮ್ ಅಂತ ಬೇರೆ ಬೇರೆ ಸಿಗುತ್ತವೆ. ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುವ ಪುಟ್ಟ ಇಂಟರ್‌ಫೇಸಿಗೆ 250 ಓಮಿನದನ್ನು ಸಿಕ್ಕಿಸಿದರೆ ಹಲವು ಸಲ ಗುಂಡಿ ಕೊನೆಯವರೆಗೂ ತಿರುಗಿಸಿದರೂ ಸಾಕಾಗುವುದಿಲ್ಲ. 32 ಅಥವಾ 80 ಆದರೆ ನೆಮ್ಮದಿ. ಹಾಡುವವರಿಗೆ ಕಿವಿ ಪೂರ್ತಿ ಮುಚ್ಚುವ ಕ್ಲೋಸ್ಡ್ ಬ್ಯಾಕ್ ಇರಲಿ. ಇಲ್ಲದಿದ್ದರೆ ಟ್ರ್ಯಾಕಿನ ಸದ್ದು ಸೋರಿ ಮೈಕಿಗೆ ಬೀಳುತ್ತದೆ. ಹೆಡ್‌ಫೋನಿಗೂ ಸ್ಪೀಕರಿಗೂ ಬೇರೆ ಬೇರೆ ಗುಂಡಿ ಇರಬೇಕು. ಎರಡಕ್ಕೂ ಒಂದೇ ಗುಂಡಿ ಇರುವುದನ್ನು ತಂದುಕೊಂಡರೆ ಪ್ರತಿ ಟೇಕಿಗೂ ಸ್ಪೀಕರಿನ ಸ್ವಿಚ್ ಹುಡುಕಿಕೊಂಡು ಏಳಬೇಕು.

ನನ್ನ ಅನುಭವದಲ್ಲಿ ಶ್ರುತಿ ತಪ್ಪುವುದಕ್ಕೂ ಹೆಡ್‌ಫೋನಿಗೂ ಹತ್ತಿರದ ನಂಟು. ಟ್ರ್ಯಾಕ್ ತೀರಾ ಜೋರಾಗಿದ್ದು ತಮ್ಮ ದನಿ ಕೇಳದಿದ್ದರೆ ಹಾಡುವವರು ಗಂಟಲು ಎತ್ತಿ ಕಿರುಚುತ್ತಾರೆ. ತಮ್ಮ ದನಿಯೇ ಜಾಸ್ತಿ ಕೇಳಿದರೆ ಮೆತ್ತಗಾಗಿ ಕೆಳಗೆ ಜಾರುತ್ತಾರೆ. ಶ್ರುತಿ ಸರಿಪಡಿಸುವ ಸಾಫ್ಟ್‌ವೇರ್ ಹುಡುಕುವ ಮೊದಲು ಆ ಗುಂಡಿ ತಿರುಗಿಸಿ ನೋಡಿ.

ಸರಿ, ಈಗ ಮೈಕಿನ ಕಡೆ ಬರೋಣ. ಇಲ್ಲಿ ನೋಡಬೇಕಾದ ಅಂಕಿ ಒಂದೇ, ಗೇನ್ ಎಷ್ಟು ಅಂತ, ಅಂದರೆ ಪ್ರಿಆಂಪ್ ಸಿಗ್ನಲನ್ನು ಎಷ್ಟು ದೊಡ್ಡದು ಮಾಡಬಲ್ಲದು ಅಂತ. ಮಿಕ್ಕಿದ್ದಕ್ಕೆ ಆಮೇಲೆ ಬರುತ್ತೇನೆ.

94 ಡೆಸಿಬೆಲ್ ಅಂದರೆ ಮೈಕಿನ ಹತ್ತಿರ ನಿಂತು ಜೋರಾಗಿ ಹಾಡಿದಷ್ಟು ಅಂದುಕೊಳ್ಳಿ. ಅಷ್ಟು ಸದ್ದಿಗೆ ಶೂರ್ ಎಸ್‌ಎಂ58 ಕೊಡುವುದು 1.85 ಮಿಲಿವೋಲ್ಟ್. ಪಾಡ್‌ಕಾಸ್ಟ್ ಮಾಡುವವರ ಮುಂದೆಲ್ಲ ಕಾಣುವ ಎಸ್‌ಎಂ7ಬಿ ಕೊಡುವುದು ಇನ್ನೂ ಕಡಿಮೆ, 1.12 ಮಿಲಿವೋಲ್ಟ್. ಕಂಡೆನ್ಸರ್ ಮೈಕುಗಳು, ಅಂದರೆ ಒಳಗಿನ ಸರ್ಕ್ಯೂಟಿಗೆ ಕರೆಂಟ್ ಬೇಡುವ ಮೈಕುಗಳು, ಸಾಮಾನ್ಯವಾಗಿ 10ರಿಂದ 30 ಮಿಲಿವೋಲ್ಟ್ ಕೊಡುತ್ತವೆ. ಹಾಗಾಗಿ ಕಂಡೆನ್ಸರ್ ಇಟ್ಟುಕೊಂಡವರಿಗೆ ಗೇನಿನ ಚಿಂತೆ ಬಹಳ ಇಲ್ಲ. ಹೆಚ್ಚಿನ ಇಂಟರ್‌ಫೇಸುಗಳಲ್ಲಿ ಅರ್ಧ ಗುಂಡಿ ತಿರುಗಿಸುವಷ್ಟರಲ್ಲಿ ಸಾಕಾಗುತ್ತದೆ. ಎಸ್‌ಎಂ7ಬಿ ಇಟ್ಟುಕೊಂಡು ಮೆಲುದನಿಯಲ್ಲಿ ಹಾಡುವವರು ಮಾತ್ರ ಎಚ್ಚರ. ಅದಕ್ಕೆ ಕಡಿಮೆಯೆಂದರೂ 60 ಡೆಸಿಬೆಲ್ ಗೇನ್ ಬೇಕು ಅಂತ ಶೂರ್ ಕಂಪನಿಯೇ ಹೇಳುತ್ತದೆ.

ಒಂದೇ ಮನೆತನದ ಇಂಟರ್‌ಫೇಸುಗಳಲ್ಲೂ ಈ ಅಂಕಿ ಬೇರೆ ಇರುತ್ತದೆ, ನೆನಪಿಡಿ. ಫೋಕಸ್‌ರೈಟ್ ಸ್ಕಾರ್ಲೆಟ್ ನಾಲ್ಕನೇ ಪೀಳಿಗೆ 2023ರಲ್ಲಿ ಬಂತು. ಅದರಲ್ಲಿ 2ಐ2ಗೆ 69 ಡೆಸಿಬೆಲ್ ಗೇನ್. ಪಕ್ಕದಲ್ಲೇ ಕೂತಿರುವ ಸೋಲೊಗೆ 57. ಎರಡೂ ಕೆಂಪು ಡಬ್ಬಿ, ಎರಡೂ ಒಂದೇ ತರಹ. 'ನನಗೆ ಒಂದೇ ಮೈಕ್ ತಾನೇ, ಸೋಲೊ ಸಾಕು' ಅಂತ ತಂದು, ಅದಕ್ಕೆ ಎಸ್‌ಎಂ7ಬಿ ಸಿಕ್ಕಿಸಿದರೆ ಗುಂಡಿ ಕೊನೆ ಮುಟ್ಟಿ ನಿಂತಿರುತ್ತದೆ. ನಡುವೆ ಒಂದು ಪುಟ್ಟ ಬೂಸ್ಟರ್ ಹಾಕಿ 25 ಡೆಸಿಬೆಲ್ ಏರಿಸಿಕೊಳ್ಳಬಹುದು, ಕ್ಲೌಡ್‌ಲಿಫ್ಟರ್ ತರಹದ್ದು. ಅದು 48 ವೋಲ್ಟ್ ಫ್ಯಾಂಟಮ್ ಪವರ್‌ನಿಂದ, ಅಂದರೆ ಇಂಟರ್‌ಫೇಸ್ ಮೈಕ್ ಕೇಬಲಿನಲ್ಲೇ ಕಳಿಸುವ ಕರೆಂಟಿನಿಂದ, ಓಡುತ್ತದೆ. ಆದರೆ ಇದು ಇನ್ನೊಂದು ಸಾಮಾನು, ಇನ್ನೊಂದು ಕೇಬಲ್. ಅದಕ್ಕಿಂತ ಮೈಕಿನ ಹತ್ತಿರ ಬನ್ನಿ. 30 ಸೆಂಟಿಮೀಟರಿನಿಂದ 15ಕ್ಕೆ ಬಂದರೆ ಸುಮಾರು 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ, ಕೋಣೆಯ ಗದ್ದಲವೂ ಅಷ್ಟೇ ಹಿಂದೆ ಸರಿಯುತ್ತದೆ. ಮುಂದೆ ಒಂದು ಪಾಪ್ ಫಿಲ್ಟರ್ ಇರಲಿ, 'ಪ' ಬಂದಾಗ ಗಾಳಿ ಬಡಿಯದ ಹಾಗೆ.

ಈಗ ನಾಯ್ಸ್. "ಆ ಇಂಟರ್‌ಫೇಸಿನ ಪ್ರಿಆಂಪ್ ತುಂಬಾ ನಾಯ್ಸ್ ಅಂತೆ" ಅಂತ ಹೆದರಿಸುವವರು ಬಹಳ. ಕಾಗದದ ಮೇಲೆ ಒಂದು ಲೆಕ್ಕ ಮಾಡೋಣ, ಬನ್ನಿ. ಪ್ರಿಆಂಪಿನ ಸ್ವಂತ ನಾಯ್ಸನ್ನು ಇಐಎನ್ ಅಂತ ಬರೆದಿರುತ್ತಾರೆ. ಸಾಧಾರಣ ಇಂಟರ್‌ಫೇಸಿನಲ್ಲೂ ಈಗ ಮೈನಸ್ 128 ಡಿಬಿಯು (ವೋಲ್ಟೇಜನ್ನು ಡೆಸಿಬೆಲ್‌ನಲ್ಲಿ ಹೇಳುವ ಅಳತೆ) ಆಸುಪಾಸು ಇರುತ್ತದೆ. 150 ಓಮಿನ ಒಂದು ರೆಸಿಸ್ಟರ್ ಸುಮ್ನೆ ಕೂತಿದ್ದರೂ, ಬರೀ ಕೋಣೆಯ ಬಿಸಿಗೇ, ಸುಮಾರು ಮೈನಸ್ 131ರಷ್ಟು ನಾಯ್ಸ್ ಹುಟ್ಟಿಸುತ್ತದೆ. ಅದಕ್ಕಿಂತ ಕೆಳಗೆ ಇಳಿಯೋಕೆ ಯಾರಿಗೂ ಆಗುವುದಿಲ್ಲ. ಅಂದರೆ ಎಷ್ಟೇ ದುಡ್ಡು ಸುರಿದರೂ ಗೆಲ್ಲುವುದಕ್ಕೆ ಉಳಿದಿರುವುದು ಮೂರೇ ಡೆಸಿಬೆಲ್.

ಮೈನಸ್ 128 ಅಂದರೆ ಸುಮಾರು 0.31 ಮೈಕ್ರೋವೋಲ್ಟ್. ಎಸ್‌ಎಂ7ಬಿ ಇಷ್ಟು ಚಿಕ್ಕ ಸಿಗ್ನಲ್ ಕೊಡಬೇಕಾದರೆ ಕೋಣೆಯಲ್ಲಿ ಎಷ್ಟು ಸದ್ದಿರಬೇಕು? ಲೆಕ್ಕ ಹಾಕಿದರೆ 23 ಡೆಸಿಬೆಲ್ ಬರುತ್ತದೆ. ನಿಮ್ಮ ಮಲಗುವ ಕೋಣೆ ಅಷ್ಟು ನಿಶ್ಶಬ್ದವಾಗಿದೆಯಾ? ರಾತ್ರಿ ಎಲ್ಲರೂ ಮಲಗಿದ ಮೇಲೂ 30ಕ್ಕಿಂತ ಕೆಳಗೆ ಇಳಿಯುವ ಕೋಣೆ ಅಪರೂಪ. ಇಷ್ಟು ಕಡಿಮೆ ಸಿಗ್ನಲ್ ಕೊಡುವ ಮೈಕಿನಲ್ಲೂ ಪ್ರಿಆಂಪಿನ ನಾಯ್ಸ್ ಕೋಣೆಯ ಸದ್ದಿನ ಕೆಳಗೆ ಮುಚ್ಚಿಹೋಗುತ್ತದೆ. ಕಂಡೆನ್ಸರಿನಲ್ಲಂತೂ ಅದರ ಸುಳಿವೇ ಸಿಗುವುದಿಲ್ಲ. ರೆಕಾರ್ಡಿಂಗಿನಲ್ಲಿ 'ಹಿಸ್' ಕೇಳುತ್ತಿದೆ ಅಂದರೆ ಮೊದಲು ಫ್ಯಾನ್ ಆರಿಸಿ, ಲ್ಯಾಪ್‌ಟಾಪನ್ನು ಮೈಕಿನ ಹಿಂಬದಿಗೆ ಸರಿಸಿ, ಮೈಕಿನ ಹತ್ತಿರ ಬನ್ನಿ. 'ಗುಂಯ್' ಅಂತ ಕೇಳುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಹಲವು ಸಲ ಅಲ್ಲಿಗೇ ನಿಲ್ಲುತ್ತದೆ.

ಗೇನ್ ಇಡುವಾಗ ಒಂದು ಮಾತು. "ಹಲೋ ಹಲೋ, ಒನ್ ಟೂ" ಅಂದು ಇಡಬೇಡಿ. ಆಮೇಲೆ ಹಾಡು ಶುರುವಾದಾಗ ಕೆಂಪು ದೀಪ ಹತ್ತುತ್ತದೆ. ಹಾಡಿನಲ್ಲಿ ತೀರಾ ಮೇಲೆ ಹೋಗುವ ಸಾಲು ಯಾವುದು ಅಂತ ಕೇಳಿ, ಅದನ್ನು ಪೂರ್ತಿ ಉಸಿರಿನಲ್ಲಿ ಹಾಡಿಸಿ, ಮೀಟರ್ ಸೊನ್ನೆಯ ಮಿತಿಗಿಂತ ಕೆಳಗೆ, ಮೈನಸ್ 10, 12ರ ಹತ್ತಿರ ನಿಲ್ಲುವ ಹಾಗೆ ಇಡಿ. ಕಡಿಮೆ ಆಯ್ತಲ್ಲ ಅನ್ನಿಸಬಹುದು. 16 ಬಿಟ್‌ನಲ್ಲಿ ಲೆಕ್ಕದ ಪ್ರಕಾರ ತೀರಾ ಮೆಲ್ಲಗಿನ ಸದ್ದಿನಿಂದ ತೀರಾ ಜೋರಿನವರೆಗೆ 96 ಡೆಸಿಬೆಲ್ ಜಾಗ ಇದ್ದರೆ 24 ಬಿಟ್‌ನಲ್ಲಿ 144. ನಿಜದ ಕನ್ವರ್ಟರುಗಳು 110, 120ರಲ್ಲಿ ನಿಲ್ಲುತ್ತವೆ. ಹಾಗಿದ್ದರೂ ಬೇಕಾದಷ್ಟು ಜಾಗ ಇದೆ. 24 ಬಿಟ್ ಇಟ್ಟು ಧಾರಾಳವಾಗಿ ಖಾಲಿ ಬಿಡಿ. ಈಗ ಹಲವು ಇಂಟರ್‌ಫೇಸುಗಳು ಈ ಕೆಲಸ ತಾವೇ ಮಾಡುತ್ತವೆ. ಆಡಿಯಂಟ್ ಇವೊದಲ್ಲಿ ಸ್ಮಾರ್ಟ್‌ಗೇನ್ ಇದೆ. ನಾಲ್ಕನೇ ಪೀಳಿಗೆಯ 2ಐ2ನಲ್ಲಿ ಆಟೊ ಗೇನ್ ಜೊತೆಗೆ, ಸಿಗ್ನಲ್ ಮಿತಿ ಮೀರುವ ಹೊತ್ತಿಗೆ ತಾನೇ ಗೇನ್ ಇಳಿಸುವ ಕ್ಲಿಪ್ ಸೇಫ್ ಇದೆ. ಸೋಲೊದಲ್ಲಿ ಇವೆರಡೂ ಇಲ್ಲ. ಒಬ್ಬರೇ ಹಾಡಿ ಒಬ್ಬರೇ ರೆಕಾರ್ಡ್ ಮಾಡುವವರಿಗೆ ಇದು ಆಟದ ಸಾಮಾನಲ್ಲ, ನಿಜಕ್ಕೂ ಉಪಯೋಗ. ಹಾಡುವಾಗ ಮೀಟರ್ ನೋಡುತ್ತಾ ನಿಂತರೆ ಹಾಡೇ ಹೋಗಿಬಿಡುತ್ತದೆ.

ಡ್ರೈವರ್. ಮ್ಯಾಕ್‌ನಲ್ಲಿ ಇದರ ತಲೆನೋವು ಕಡಿಮೆ. ವಿಂಡೋಸಿನಲ್ಲಿ ಏಸಿಯೊ ಡ್ರೈವರ್ ಬೇಕು. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ತಂದ ಏರ್ಪಾಡು ಅದು, ಇವತ್ತಿಗೂ ಅದರ ಮೇಲೇ ಕೆಲಸ ನಡೆಯುತ್ತಿದೆ. ಇಂಟರ್‌ಫೇಸ್ ಮಾಡಿದ ಕಂಪನಿಯೇ ತನ್ನ ಏಸಿಯೊ ಡ್ರೈವರ್ ಬರೆದಿದೆಯಾ, ಈಚೆಗೆ ಅದನ್ನು ಪರಿಷ್ಕರಿಸಿದೆಯಾ ಅಂತ ಅವರ ಡೌನ್‌ಲೋಡ್ ಪುಟಕ್ಕೆ ಹೋಗಿ ತಾರೀಖು ನೋಡಿ. ನಾನು ಇಂಟರ್‌ಫೇಸ್ ಆರಿಸುವಾಗ ಓದುವ ಮೊದಲ ಪುಟ ಅದೇ. ಬಫರ್ 128 ಅಂತ ಎರಡು ಇಂಟರ್‌ಫೇಸುಗಳಲ್ಲಿ ಇಟ್ಟರೂ ನಿಜವಾದ ತಡ ಬೇರೆ ಬೇರೆ ಬರುತ್ತದೆ. ಆ ವ್ಯತ್ಯಾಸದಲ್ಲಿ ಡ್ರೈವರಿನ ಪಾಲು ದೊಡ್ಡದು.

ಮಿಕ್ಕಿದ್ದೆಲ್ಲ ಬೇಗ ಹೇಳಿಬಿಡುತ್ತೇನೆ. 192 ಕಿಲೋಹರ್ಟ್ಸ್ ಅಂತ ಬರೆದಿದ್ದರೆ ಓದಿ ಸುಮ್ಮನಾಗಿ. ಮನುಷ್ಯರ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಸ್‌ವರೆಗೆ ಕೇಳುತ್ತದೆ, ಅದರ ಎರಡರಷ್ಟನ್ನು ದಾಟುವ 44.1 ಅಥವಾ 48 ಸಾಕು. ಯುಎಸ್‌ಬಿ-ಸಿ ಅನ್ನುವುದು ತೂತಿನ ಆಕಾರ ಅಷ್ಟೇ, ವೇಗ ಅಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನ ಎರಡು ಚಾನಲಿಗೆ ಸೆಕೆಂಡಿಗೆ 2.3 ಮೆಗಾಬಿಟ್ ಬೇಕು. ಹಳೇ ಯುಎಸ್‌ಬಿ 2.0 ದಾರಿಯೇ 480 ಮೆಗಾಬಿಟ್ ಅಗಲ. ಹೆದ್ದಾರಿಯಲ್ಲಿ ಒಂದು ಸೈಕಲ್ ಹೋದ ಹಾಗೆ. ದನಿಗೆ ಹೊಳಪು ಕೊಡುವ ಬಟನ್ ಇದ್ದರೆ ರೆಕಾರ್ಡ್ ಮಾಡುವಾಗ ಒತ್ತಬೇಡಿ. 'ಸ' ಚುಚ್ಚುವವರ ದನಿ ಇನ್ನೂ ಚುಚ್ಚುತ್ತದೆ, ಆಮೇಲೆ ತೆಗೆಯೋದು ಕಷ್ಟ. ಎಂಟು ಇನ್‌ಪುಟ್ ಬೇಡ. ಎರಡು ಸಾಕು.

ಇನ್ನು ಪ್ರಶ್ನೆಗಳು.

"ಇಷ್ಟೆಲ್ಲ ಯಾಕೆ, ಯುಎಸ್‌ಬಿ ಮೈಕ್ ತಗೊಂಡರೆ ಆಗಲ್ವಾ?" ಅಂತ ಒಬ್ಬರು ಕೇಳಿದರು. ಆಗುತ್ತದೆ. ಯುಎಸ್‌ಬಿ ಮೈಕ್ ಅಂದರೆ ಹೊಟ್ಟೆಯೊಳಗೇ ಪುಟ್ಟ ಇಂಟರ್‌ಫೇಸ್ ಇರುವ ಮೈಕ್. ಮಾತಿಗೆ ಚೆನ್ನಾಗಿದೆ. ಹಾಡಿಗೆ ಬೇಕಾದರೆ ಮೈಕಿನ ಮೇಲೇ ಹೆಡ್‌ಫೋನ್ ತೂತು ಇರುವುದನ್ನು ಮಾತ್ರ ತಗೊಳ್ಳಿ. ಇಲ್ಲದಿದ್ದರೆ ನನ್ನ ಗೆಳತಿಯ ಕಥೆಯೇ ನಿಮ್ಮದೂ.

"ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?" ಧಾರಾಳವಾಗಿ. ಮೂರು ಪರೀಕ್ಷೆ ಮಾಡಿ. ಕಂಡೆನ್ಸರ್ ಮೈಕ್ ಒಯ್ದು 48 ವೋಲ್ಟ್ ಬರುತ್ತಿದೆಯಾ ನೋಡಿ. ಹಾಕುವಾಗ ಹೆಡ್‌ಫೋನ್ ಸದ್ದು ಇಳಿಸಿರಿ, 'ಧಡ್' ಅನ್ನುತ್ತದೆ. ಗೇನ್ ಗುಂಡಿಯನ್ನು ನಿಧಾನ ತಿರುಗಿಸುತ್ತಾ ಕರಕರ ಸದ್ದು ಬರುತ್ತದಾ ಕೇಳಿ. ಯುಎಸ್‌ಬಿ ಕೇಬಲ್ ಅಲ್ಲಾಡಿಸಿ, ಸಂಪರ್ಕ ಕಡಿಯುತ್ತದಾ ನೋಡಿ. ಫೈರ್‌ವೈರ್ (ಯುಎಸ್‌ಬಿ ತರಹದ ಹಳೇ ಜೋಡಣೆ) ಕಾಲದ್ದು ಎಷ್ಟೇ ಒಳ್ಳೆಯದಾದರೂ ಬೇಡ. ಸಿಕ್ಕಿಸೋಕೆ ಈಗಿನ ಕಂಪ್ಯೂಟರಿನಲ್ಲಿ ತೂತೇ ಇರುವುದಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಎಲ್ಲ ಸರಿ ಮಾಡಿದರೂ ಹೆಡ್‌ಫೋನಿನಲ್ಲಿ ನನ್ನ ದನಿ ನನ್ನದು ಅನ್ನಿಸಲ್ಲ ಸರ್, ಏನ್ ಮಾಡ್ಲಿ?" ನಿಮ್ಮ ಇಂಟರ್‌ಫೇಸಿನಲ್ಲಿ ಪೊಲಾರಿಟಿ ತಿರುಗಿಸುವ, ಅಂದರೆ ಸಿಗ್ನಲಿನ ಏರಿಳಿತವನ್ನು ತಲೆಕೆಳಗು ಮಾಡುವ, ಬಟನ್ ಇದೆಯಾ ನೋಡಮ್ಮ ಅಂದೆ. ವೃತ್ತದ ಮೇಲೆ ಅಡ್ಡಗೀಟು ಇರುವ ಗುರುತು. 'ಮ್ಮ್' ಅಂತ ಕೆಳಶ್ರುತಿಯಲ್ಲಿ ಗುನುಗುತ್ತಾ ಅದನ್ನು ಒತ್ತಿ, ಬಿಡು. ಮೂಳೆಯ ದನಿ, ಹೆಡ್‌ಫೋನ್ ದನಿ ಎರಡೂ ಕೂಡಿಕೊಳ್ಳುವ ಕಡೆ ತಲೆ ತುಂಬಿದ ಹಾಗೆ ಕೇಳುತ್ತದೆ, ಅಲ್ಲೇ ಬಿಟ್ಟುಬಿಡು. ಅದೂ ಆಗಲಿಲ್ಲವಾ, ಒಂದು ಕಿವಿಯ ಕಪ್ ಹಿಂದಕ್ಕೆ ಸರಿಸಿ ಹಾಡು. ದೊಡ್ಡ ದೊಡ್ಡ ಹಾಡುಗಾರರೂ ಹಾಗೆ ಹಾಡುತ್ತಾರೆ. ತೆಗೆದ ಕಡೆಯ ಸದ್ದನ್ನು ಸಾಫ್ಟ್‌ವೇರಿನಲ್ಲಿ ಪೂರ್ತಿ ಇಳಿಸೋದು ಮಾತ್ರ ಮರೆಯಬೇಡ.

ಅದನ್ನು ಮರೆತವನು ನಾನೇ. ಆ ಗೆಳತಿ ಎರಡು ತಿಂಗಳು ಬಿಟ್ಟು ಮತ್ತೆ ಬಂದಳು, ಡೈರೆಕ್ಟ್ ಸ್ವಿಚ್ ಒತ್ತಿ ಹಾಡಿಸಿದೆ. ಎರಡನೇ ಟೇಕಿಗೇ ಹಾಡು ಮುಗಿಯಿತು. ಬಲಗಿವಿ ಬಿಟ್ಟುಕೊಂಡು ಹಾಡಿದ್ದಳು. ಈಗಲೂ ಆ ರೆಕಾರ್ಡಿಂಗಿನ ಎರಡನೇ ಚರಣ ಶುರುವಾಗುವ ಮೊದಲು, ಅವಳು ಉಸಿರು ಎಳೆದುಕೊಳ್ಳುವ ಜಾಗದಲ್ಲಿ, ಹಿಂದೆ ತಾಳ ಹೇಳಿಕೊಡುವ ಮೆಟ್ರೋನೋಮ್ ಟಿಕ್ ಟಿಕ್ ಅನ್ನುವುದು ಕೇಳುತ್ತದೆ.